ಕಾಶಮ್ಮನ ಅರ್ಧ ರಸ್ತೆ

ಕಾಶಮ್ಮ ಕಸಬರಿಗೆ ಎತ್ತಿ ಹಿಡಿದರೆ ಲಾರಿ ನಿಲ್ಲುತ್ತಿತ್ತು. ಆಳಂದದ ಬಸ್ ಸ್ಟ್ಯಾಂಡಿನಿಂದ ಬಜಾರಿಗೆ ಹೋಗುವ ರಸ್ತೆಯಲ್ಲಿ ಬೆಳಗಿನ ಹೊತ್ತು ನಾನು ಎಷ್ಟೋ ಸಲ ಕಣ್ಣಾರೆ ಕಂಡ ಸಂಗತಿ ಇದು. ಆಳು ಕುಳ್ಳಿ, ಲಾರಿಯ ದೀಪಕ್ಕಿಂತ ಒಂದು ಗೇಣು ಎತ್ತರ ಇದ್ದರೆ ಹೆಚ್ಚು. ಹಸಿರು ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಸೆರಗು ಸೊಂಟಕ್ಕೆ ಬಿಗಿದು ರಸ್ತೆಯ ನಟ್ಟನಡುವೆ ಬಗ್ಗಿ ನಿಂತು ಗುಡಿಸುತ್ತಿದ್ದಳು. ಡ್ರೈವರ್ ಹಾರ್ನ್ ಹೊಡೆದು ಹೊಡೆದು ಸಾಕಾಗಿ ಕಡೆಗೆ ಇಂಜಿನ್ನನ್ನೇ ಬಂದ್ ಮಾಡುತ್ತಿದ್ದ. ಆಗ ಅವಳು ಸಾವಕಾಶ ಸೊಂಟ ನೆಟ್ಟಗೆ ಮಾಡಿ, ಕಸಬರಿಗೆಯ ತುದಿಯನ್ನು ಅವನ ಮುಖಕ್ಕೆ ಹಿಡಿದು ಕೇಳುತ್ತಿದ್ದಳು:

"ಯಾಕಪಾ, ಹೊಟ್ಟಿ ನೋಯಾಕತ್ತದೇನು, ಅಷ್ಟ್ಯಾಕ ಒದರ್ತಿ? ಕಸ ಹೊಡ್ಯಾಕತ್ತೇನಿ, ಕಾಣವಲ್ದೇನು? ನಿಮ್ಮವ್ವ ಮನ್ಯಾಗ ಕಸ ಹೊಡಿವಾಗ ಅಕೀ ಮ್ಯಾಲೂ ಗಾಡಿ ಹಾಯಿಸ್ತೀಯೇನು?"

ಗುಡಿಸುವುದು ಮುಗಿದ ಮೇಲೆ ಅವಳೇ ಪಕ್ಕಕ್ಕೆ ಸರಿದು, "ಹೂಂ, ಹೋಗು. ಸಾವಕಾಶ ಹೋಗು. ಮನೀ ಕಡೀ ಹುಷಾರ" ಎಂದು ಹರಸಿ ಕಳಿಸುತ್ತಿದ್ದಳು.

ಎಂಬತ್ತರ ದಶಕದ ಮಾತು. ನಾನು ಅಫಜಲಪುರ ಕಡೆಯವನು. ಪಕ್ಕದ ಹಳ್ಳಿ ಮಟಕಿಯ ಶಾಲೆಗೆ ಮಾಸ್ತರನಾಗಿ ಬಂದು, ಆಳಂದದಲ್ಲಿ ಅದೇ ರಸ್ತೆಗೆ ಬಾಡಿಗೆಯ ಒಂದು ಖೋಲಿ ಹಿಡಿದು, ದಿನಾ ಸೈಕಲ್ ತುಳಿದು ಹೋಗಿಬರುತ್ತಿದ್ದೆ. ಎರಡು ಹೊತ್ತಿನ ಊಟ ಕಾಶಮ್ಮನ ಖಾನಾವಳಿಯಲ್ಲಿ. ಅದಕ್ಕೊಂದು ಬೋರ್ಡು ಕೂಡ ಇರಲಿಲ್ಲ. ಗೋಡೆಗೆ ಒರಗಿದ ಸೈಕಲ್ಲುಗಳೇ ಬೋರ್ಡು. ಹಳ್ಳಿಗಳಿಂದ ಬರುವ ಮಾಸ್ತರರು, ಅಂಚೆಯವರು, ಅಂಗಡಿಗಳಲ್ಲಿ ದುಡಿಯುವವರು, ಕಾಲೇಜಿನ ಹುಡುಗರು ಎಲ್ಲ ಅಲ್ಲೇ ಉಣ್ಣುವುದು. ಕಾಶಮ್ಮ ಒಲೆಯ ಮುಂದೆ ಕೂತೇ ಬಾಗಿಲಿನಿಂದ ಗೋಡೆಯ ಕಡೆ ಕಣ್ಣು ಹಾಯಿಸಿ, ಯಾರು ಬಂದರು, ಯಾರು ಬರಲಿಲ್ಲ ಎಂದು ಸೈಕಲ್ಲಿನ ಮೇಲೇ ಹೇಳುತ್ತಿದ್ದಳು. "ಆ ಕೆಂಪು ಸೀಟಿಂದು ಇವತ್ತ ಬರಲಿಲ್ಲಲಾ. ಜ್ವರ ಬಂದಾವೇನು ನೋಡ್ರಿ ಯಾರರೆ ಹೋಗಿ."

ನನ್ನನ್ನು ಮೊದಲ ದಿನ ಕಂಡಾಗಲೇ ಅವಳು ತಲೆಯಿಂದ ಕಾಲಿನ ತನಕ ನೋಡಿ ಹೇಳಿದ್ದಳು: "ಮಾಸ್ತರೇನು ನೀ? ಸೈಕಲ್ ಮ್ಯಾಲ ಕುಂತ್ರ ಕೊಕ್ಕರಿ ಕಂಡಂಗ ಕಾಣ್ತಿ. ಹುಡುಗುರು ಹೆದರ್ತಾವೇನು ನಿನಗ?" ನಾನು ಉತ್ತರ ಹುಡುಕುವಷ್ಟರಲ್ಲಿ ತಾಟಿನಲ್ಲಿ ಇನ್ನೊಂದು ಬಿಸಿ ರೊಟ್ಟಿ ಬಿದ್ದಿತ್ತು. ಸಾಕು ಎನ್ನುವ ಮಾತು ಅವಳ ಕಿವಿಗೆ ಕೇಳಿಸುತ್ತಿರಲಿಲ್ಲ. ಪುಂಡಿಪಲ್ಯ ಬಿಟ್ಟವನನ್ನು ಮಾತ್ರ ಅವಳು ಕ್ಷಮಿಸಿದ್ದಿಲ್ಲ.

ಅವಳ ಕಸಬರಿಗೆಯ ಮಹಿಮೆ ತಿಳಿಯಬೇಕಾದರೆ ಆ ರಸ್ತೆಯ ರಿವಾಜು ತಿಳಿದಿರಬೇಕು. ಅಲ್ಲಿ ಪ್ರತಿ ಮನೆಯ ಹೆಂಗಸೂ ಬೆಳಿಗ್ಗೆ ತನ್ನ ಬಾಗಿಲಿನಿಂದ ರಸ್ತೆಯ ನಡುಮಧ್ಯದವರೆಗೆ ಗುಡಿಸುತ್ತಿದ್ದಳು. ಎದುರು ಮನೆಯವಳು ತನ್ನ ಕಡೆಯಿಂದ ಅದೇ ನಡುಮಧ್ಯಕ್ಕೆ. ಯಾರೂ ಅಳೆದಿದ್ದಿಲ್ಲ, ಆದರೂ ಆ ಗಡಿ ಕೂಸಿಗೂ ಗೊತ್ತು. ಕಾಶಮ್ಮನ ಎದುರು ಮನೆ ಟೇಲರ್ ಮಹಿಬೂಬಸಾಬನದು. ಅವನ ಹೆಂಡತಿ ಖಾಸಿಂಬಿಗೂ ಕಾಶಮ್ಮನಿಗೂ ದಿನ ಶುರುವಾಗುತ್ತಿದ್ದುದೇ ಆ ಗಡಿಯ ಮೇಲೆ, ಕಾಶಮ್ಮನ ಬಾಗಿಲ ಬೇವಿನ ಗಿಡ ಉದುರಿಸಿದ ಎಲೆಗಳ ಜಗಳದಿಂದ.

"ಕಾಶಕ್ಕಾ, ನಿನ್ ಬೇವಿನ ತಪ್ಪಲಾ ನನ್ ಕಡೀ ಬಂದದ ನೋಡು."

"ಗಾಳಿ ತಂದದ ಬೇ, ನಾ ತಂದಿಲ್ಲ. ಗಾಳೀಗಿ ಕೇಳು."

"ಗಾಳಿ ನಿನ್ ಗಿಡದ ಕಡಿಂದ ಬಂತಲಾ!"

"ನೆಳ್ಳು ತಗೊಳ್ಳುವಾಗ ಗಿಡ ಯಾರ್ದಂತ ಕೇಳಲಿಲ್ಲ ನೀ, ತಪ್ಪಲ ಬಂದ್ರ ಕೇಳ್ತೀ."

ಜಗಳ ಮುಗಿದ ಮೇಲೆ ಇಬ್ಬರೂ ನಡುರಸ್ತೆಯಲ್ಲಿ ನಿಂತು ಎಲೆಅಡಿಕೆ ಹಾಕಿಕೊಳ್ಳುವರು. ಬಸ್ಸು ಬಂದರೆ ಬಸ್ಸೇ ಕಾಯಬೇಕು. "ನಾ ಗುಡಿಸಿದಷ್ಟು ನಂದು" ಎನ್ನುವುದು ಕಾಶಮ್ಮನ ಕಾಯಂ ಮಾತು. ಖಾನಾವಳಿಯ ಜಾಗದ ಮಾಲಕ ಬೇರೆಯವನಾಗಿದ್ದ. ಬಾಡಿಗೆಯ ಮನೆ ತನ್ನದೆಂದು ಅವಳು ಎಂದೂ ಅಂದವಳಲ್ಲ. ಮುಂದಿನ ಅರ್ಧ ರಸ್ತೆ ಮಾತ್ರ ಖಾಸಾ ತನ್ನದು.

ಮೊದಲು ಆ ರಸ್ತೆಯಲ್ಲಿ ಡಾಂಬರು ನಡುವೆ ಮಾತ್ರ ಇತ್ತು. ಎರಡೂ ಬದಿಗೆ ಮಣ್ಣಿನ ಅಂಚು. ಸೈಕಲ್ಲು, ನಡೆಯುವವರು, ಕಾಯಿಪಲ್ಯದ ಬುಟ್ಟಿಗಳು, ಆಡುಗಳು ಎಲ್ಲ ಆ ಮಣ್ಣಿನ ಮೇಲೆ. ಆಮೇಲೆ ರಸ್ತೆ ಅಗಲವಾಯಿತು. ಲೋಕೋಪಯೋಗಿ ಇಲಾಖೆಯವರು ಬಾಗಿಲುಗಳ ಮೆಟ್ಟಿಲ ತನಕ ಡಾಂಬರು ಹಾಕಿ ಹೋದರು. ಎಲ್ಲರಿಗೂ ಖುಷಿ, ಧೂಳು ಹೋಯಿತು, ಊರು ಪಟ್ಟಣದ ಹಾಗೆ ಕಂಡಿತು. ಆ ಖುಷಿಯ ಬೆಲೆ ಕಬ್ಬಿನ ಸುಗ್ಗಿ ಬಂದಾಗ ಗೊತ್ತಾಯಿತು. ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಹೋಗುವ ಲಾರಿ, ಟ್ರ್ಯಾಕ್ಟರುಗಳು ಒಂದನ್ನೊಂದು ಹಿಂದೆ ಹಾಕುತ್ತ ಗೋಡೆಗೆ ಉಜ್ಜಿಕೊಂಡೇ ಓಡತೊಡಗಿದವು. ಸೈಕಲ್ಲಿಗೆ ಉಳಿದದ್ದು ಗಟಾರ ಒಂದೇ.

ಆ ಗಟಾರಕ್ಕೆ ಬಿದ್ದವನು ನಾನು. ಒಂದು ಬೆಳಿಗ್ಗೆ ಶಾಲೆಗೆ ಹೊರಟಿದ್ದೆ. ಪಕ್ಕದಲ್ಲಿ ಹಾದ ಲಾರಿಯಿಂದ ಅಡ್ಡಡ್ಡ ಚಾಚಿಕೊಂಡಿದ್ದ ಒಂದು ಕಬ್ಬು ನನ್ನ ಬಗಲಚೀಲದ ಪಟ್ಟಿಗೆ ಸಿಕ್ಕಿಕೊಂಡಿತು. ಸೈಕಲ್ಲು ಒಂದು ಕಡೆ, ನಾನು ಒಂದು ಕಡೆ. ಪಟ್ಟಿ ಹರಿದದ್ದಕ್ಕೆ ಜೀವ ಉಳಿಯಿತು. ಹೆಗಲ ಎಲುಬು ಮುರಿಯಿತು. ಲಾರಿಯವನಿಗೆ ಗೊತ್ತೂ ಆಗಲಿಲ್ಲ, ಹೋಗಿಯೇಬಿಟ್ಟ. ಹಿಂದೆ ಬರುತ್ತಿದ್ದ ಲಾರಿಯನ್ನು ಕಾಶಮ್ಮ ಕಸಬರಿಗೆ ಎತ್ತಿ ನಿಲ್ಲಿಸಿ, ಡ್ರೈವರನ ಪಕ್ಕದಲ್ಲಿ ನನ್ನನ್ನು ಕೂಡಿಸಿ, ದವಾಖಾನೆಗೆ ಕಳಿಸಿದಳು. ಬಲಗೈ ಎದೆಗೆ ಕಟ್ಟಿಸಿಕೊಂಡು ಬಂದಾಗ ಅವಳೇ ರೊಟ್ಟಿ ಮುರಿದು ಬೇಳೆಯಲ್ಲಿ ಕಲಸಿ ಮುಂದಿಟ್ಟಳು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಇವತ್ತ ನಿನ್ ಎಲುಬು ಹೋಯ್ತು. ನಾಳಿ ಯಾರ್ದರೆ ಮಗ ಹೋಗ್ತಾನ. ಮಾಸ್ತರ, ಹೇಳೇನಿ ಕೇಳು, ನನ್ ಗ್ವಾಡಿಗಿ ಒರಗೋ ಸೈಕಲ್ದಾಗ ಒಂದರೆ ಕಮ್ಮಿ ಆಗಬಾರದು. ಆಗಗೊಡಂಗಿಲ್ಲ ನಾ."

ಮರುದಿನ ಅವಳು ಪುರಸಭೆಗೆ ಹೋದಳು. ಸಾಕ್ಷಿಗೆಂದು ನನ್ನನ್ನೂ, ಕಟ್ಟಿದ ಕೈಯ ಸಮೇತ, ಕರೆದುಕೊಂಡು ಹೋದಳು. ಆಗಿನ ಅಧ್ಯಕ್ಷರು ಅದೇ ರಸ್ತೆಯ ಬಟ್ಟೆ ಅಂಗಡಿಯ ಸಾವಕಾರರು. ಮನುಷ್ಯರು ಒಳ್ಳೆಯವರು, ತಂಟೆ ಬೇಡ ಎನ್ನುವ ಸ್ವಭಾವ.

"ಸಾವಕಾರ್ರ, ರಸ್ತಾದ ಎರಡೂ ಬಾಜೂ ಒಂದೊಂದ್ ಗೆರಿ ಹೊಡಸ್ರಿ. ಗೆರಿ ಒಳಗ ಸೈಕಲ್ಲು, ಹೊರಗ ಲಾರಿ. ಅಷ್ಟ ಕೆಲಸ."

"ಅವ್ವಾ, ರಸ್ತಾ ನಮ್ದಲ್ಲ, ಇಲಾಖೆದು. ಗುಲಬರ್ಗಾದಿಂದ ಹುಕುಂ ಬರಬೇಕು."

"ಗುಲಬರ್ಗಾದವರು ಬಂದು ಇಲ್ಲಿ ಕಸ ಹೊಡೀತಾರೇನ್ರಿ?"

"ಅದು ಬ್ಯಾರೆ ಮಾತವ್ವ."

"ಬ್ಯಾರೆ ಹ್ಯಾಂಗಾಗ್ತದ್ರಿ? ಕಸ ನಮ್ದು. ಬಿದ್ರ ಎಲುಬು ನಮ್ದು. ಸತ್ರ ಹೆಣ ನಮ್ದು. ರಸ್ತಾ ಅಷ್ಟ ಅವರ್ದೇನು?"

ಸಾವಕಾರರು ಟೋಪಿ ತೆಗೆದು ತಲೆ ಒರೆಸಿಕೊಂಡರು. ಚಹಾ ತರಿಸಲೇ ಎಂದು ಕೇಳಿದರು. "ಚಹಾ ನಮ್ಮನ್ಯಾಗೂ ಅದ" ಎಂದು ಕಾಶಮ್ಮ ಎದ್ದಳು.

ಮಾರನೆಯ ದಿನ ಮುಂಜಾನೆ ನಾನು ಬಾಗಿಲು ತೆರೆದು ನೋಡಿದರೆ ರಸ್ತೆಯ ಎರಡೂ ಅಂಚಿಗೆ ಸಾಲು ರಂಗೋಲಿ. ಬಸ್ ಸ್ಟ್ಯಾಂಡಿನಿಂದ ಬಜಾರಿನವರೆಗೆ ಓಣಿಯ ಹೆಂಗಸರನ್ನೆಲ್ಲ ಅವಳು ಎಬ್ಬಿಸಿ ಕೂಡಿಸಿದ್ದಳು. ಅವಳ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಲಾರಿ ಓಡಿಸುವವರೂ ಮನೆ ಮಠ ಇದ್ದವರೇ, ಯಾರ ಮನೆಯ ರಂಗೋಲಿಯ ಮೇಲೂ ಗಾಲಿ ಹಾಯಿಸಲಾರರು. ನಿಜ, ಒಬ್ಬನೂ ಹಾಯಿಸಲಿಲ್ಲ. ಲಾರಿಗಳೆಲ್ಲ ನಡುವೆ ಸಾಲಾಗಿ, ಮೆರವಣಿಗೆಯ ಹಾಗೆ ಹೋದವು. ಕಾಶಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದಳು.

ಆಗ ಸೈಕಲ್ಲುಗಳು ಬಂದವು. ಮೊದಲನೆಯವನು ರಂಗೋಲಿ ಕಂಡು ಇಳಿದ. ಎರಡನೆಯವನೂ ಇಳಿದ. ಅಂಚೆಯವನಂತೂ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು, ಚುಕ್ಕಿಗಳ ನಡುವೆ ತುದಿಗಾಲಿಡುತ್ತ ನಡೆದ. ಉಳಿದವರು ರಂಗೋಲಿ ಕೆಡಬಾರದೆಂದು ನಡುರಸ್ತೆಗೇ, ಲಾರಿಗಳ ನಡುವೆಯೇ ಹೋದರು.

"ತುಳೀರಲೇ!" ಎಂದು ಕಾಶಮ್ಮ ಚೀರಿದಳು. "ತುಳೀರಿ! ನಿಮ್ ಸಲುವಾಗೇ ಹಾಕೇವಿ!"

"ಹ್ಯಾಂಗ ತುಳೀಲೆವ್ವಾ?" ಅಂಚೆಯವನು ಅಳುಮುಖ ಮಾಡಿದ. "ಇಷ್ಟ ಚೆಂದ ಹಾಕೀರಿ. ಪಾಪ ಬರ್ತದ."

"ನಿನ್ ಪಾಪ ನಾ ತಗೋತೇನಿ, ತುಳಿ!"

ಅವನು ತುಳಿಯಲಿಲ್ಲ. ಖಾಸಿಂಬಿ ತನ್ನ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು ಆಮೇಲೆ ಅವಳೇ ದಾರಿ ತೋರಿದಳು. "ಕಾಶಕ್ಕಾ, ರಂಗೋಲಿ ನೋಡಾಕ ಚಲೋ, ತುಳ್ಯಾಕಲ್ಲ. ಮನೀಗಿ ಪಟ್ಟಿ ಹೊಡೀತೀವಲಾ, ಅದನ್ನ ರಸ್ತಾಕ್ಕ ಇಳಸು."

ದೀಪಾವಳಿ ಹತ್ತಿರ ಬಂದಿತ್ತು. ನಮ್ಮ ಕಡೆ ಹಬ್ಬಕ್ಕೆ ಮನೆಗೆ ಸುಣ್ಣ ಬಳಿದ ಮೇಲೆ, ಗೋಡೆಯ ಬುಡಕ್ಕೂ ಕಟ್ಟೆಗೂ ಕೆಮ್ಮಣ್ಣಿನ ಪಟ್ಟಿ ಎಳೆದು ಅದರ ಮೇಲೆ ಬಿಳಿ ಗೆರೆ ಹೊಡೆಯುತ್ತಾರೆ. ಆ ಪಟ್ಟಿಯಿಂದ ಒಳಗೆ ಮನೆ. ಮನುಷ್ಯರು ಬಂದು ಕೂಡಬಹುದು, ಕಾಲು ಚಾಚಬಹುದು; ಗಾಡಿ ಏರಿಸುವವನು ಮಾತ್ರ ಯಾರೂ ಇಲ್ಲ. ಆ ವರ್ಷ ಅದೇ ಬಕೀಟು, ಅದೇ ಬಟ್ಟೆಯ ಸಿಂಬೆ ಹಿಡಿದು ಹೆಂಗಸರು ರಸ್ತೆಗೆ ಇಳಿದರು. ಮೆಟ್ಟಿಲಿನಿಂದ ಒಂದು ಸೈಕಲ್ಲು ನಿರಾಳವಾಗಿ ಹೋಗುವಷ್ಟು ಜಾಗ ಬಿಟ್ಟು, ಪ್ರತಿ ಮನೆಯವರೂ ತಮ್ಮ ಮುಂದೆ ಕೆಮ್ಮಣ್ಣಿನ ಪಟ್ಟಿ, ಅದರ ಮೇಲೆ ಸುಣ್ಣದ ಗೆರೆ ಎಳೆದರು. ಗೆರೆ ನೆಟ್ಟಗಿರಲಿಲ್ಲ. ಧಾರಾಳಿಗಳ ಮನೆಯ ಮುಂದೆ ಉಬ್ಬಿ, ಜಿಪುಣರ ಮನೆಯ ಮುಂದೆ ಒಳಸರಿದು, ಹಾವಿನ ಹಾಗೆ ಹೋಗಿತ್ತು. ಸಾವಕಾರರ ಅಂಗಡಿಯ ಮುಂದೆ ಮಾತ್ರ ತುಂಡಾಗಿತ್ತು. ಅಧ್ಯಕ್ಷರಾಗಿ ಕಾಯ್ದೆ ಮುರಿಯುವುದು ಹೇಗೆ ಎಂದು ಅವರು ಒಪ್ಪಿರಲಿಲ್ಲ.

ಒಬ್ಬ ಲಾರಿ ಡ್ರೈವರ್ ವೇಗ ತಗ್ಗಿಸಿ, ತಲೆ ಹೊರಗೆ ಹಾಕಿ ಕೇಳಿದ: "ಏನವ್ವಾ, ಮನೀನ ರಸ್ತಾಕ್ಕ ತಂದ್ರಿ?"

"ನೀವು ರಸ್ತಾ ಮನೀಗಿ ತಂದ್ರಿ. ನಾವು ಮನಿ ರಸ್ತಾಕ್ಕ ತಂದೇವಿ. ಲೆಕ್ಕ ಚುಕ್ತಾ. ನಡಿ."

ಅವನು ನಕ್ಕು, ಗೆರೆಯಿಂದ ಆಚೆ ಸರಿದು ಹೋದ. ಸೈಕಲ್ಲುಗಳು ಈಗ ಒಳಗೆ ಹಾಯಾಗಿ ಹರಿದವು. ಅಂಚೆಯವನು ಗಂಟೆ ಬಾರಿಸುತ್ತ ಹೋದ.

ಸುಖ ಬಹಳ ದಿನ ಬಾಳಲಿಲ್ಲ. ಒಂದು ದಿನ ಇಲಾಖೆಯ ಜೀಪು ಬಂತು. ಹಿಂದೆ ಡಾಂಬರಿನ ಡ್ರಮ್ಮು, ಕೂಲಿಯವರು. ಇಳಿದ ಇಂಜಿನಿಯರು ಮೈಸೂರು ಕಡೆಯ ತರುಣ. ಗೆರೆಯನ್ನು ನೋಡಿ ಅವರಿಗೆ ನಗುವೋ ಸಿಟ್ಟೋ ತಿಳಿಯದಂತಾಗಿತ್ತು.

"ಏನಮ್ಮಾ ಇದು? ಸರ್ಕಾರದ ರಸ್ತೆ ಮೇಲೆ ಬಣ್ಣ ಬಳಿಯೋಕೆ ಯಾರ ಪರ್ಮಿಷನ್ ತಗೊಂಡ್ರಿ?"

"ಕಸ ಹೊಡ್ಯಾಕೂ ಯಾರ್ದೂ ತಗೊಂಡಿಲ್ರಿ. ಅದನ್ನ ಯಾಕ ಕೇಳವಲ್ಲಿರಿ?"

"ಇದು ಇಲಾಖೆ ರಸ್ತೆ. ನಿಮ್ಮಿಷ್ಟಕ್ಕೆ ಗೆರೆ ಎಳೆಯೋ ಹಾಗಿಲ್ಲ. ಮೇಲಿನಿಂದ ಆರ್ಡರ್ ಇದೆ, ಅಳಿಸಬೇಕು. ನನ್ನ ಕೈಯಲ್ಲೇನೂ ಇಲ್ಲ."

ಖಾನಾವಳಿಯಲ್ಲಿ ಉಣ್ಣುತ್ತಿದ್ದ ನಾವೆಲ್ಲ ಕೈ ತೊಳೆಯದೆ ಹೊರಗೆ ಬಂದಿದ್ದೆವು. ಕಾಶಮ್ಮ ಡ್ರಮ್ಮಿಗೆ ಅಡ್ಡ ನಿಲ್ಲುತ್ತಾಳೆ, ಕಸಬರಿಗೆ ಎತ್ತುತ್ತಾಳೆ ಎಂದು ನಾನು ಕಾದೆ. ಅವಳು ಎತ್ತಲಿಲ್ಲ. ಒಳಗೆ ಹೋಗಿ ಕಸಬರಿಗೆ ತಂದು, ಎರಡೂ ಕೈಯಲ್ಲಿ ಹಿಡಿದು, ಬೀಗರಿಗೆ ಕಾಣಿಕೆ ಕೊಡುವಷ್ಟು ಮರ್ಯಾದೆಯಿಂದ ಜೀಪಿನ ಹಿಂದಿನ ಸೀಟಿನ ಮೇಲೆ ಇಟ್ಟಳು.

"ಅಳಸ್ರಿ ಸಾಹೇಬ್ರ. ರಸ್ತಾ ನಿಮ್ದಂದ್ರ ಕಸಬರಿಗಿನೂ ನಿಮ್ದ. ನಾಳಿಂದ ನಸಿಕಿನ್ಯಾಗ ಬಂದು ಗುಡಸ್ರಿ. ನೀರ್ ಹೊಡದು ಗುಡಸ್ರಿ, ಧೂಳ ಏಳ್ತದ."

ಎದುರಿನಿಂದ ಖಾಸಿಂಬಿ ದಾಟಿ ಬಂದು ತನ್ನದನ್ನೂ ಇಟ್ಟಳು. "ನಂದೂ ತಗೋರಿ ಸಾಬ್. ತುದಿ ಜರಾ ಸವದದ, ಮನಸಿಗಿ ಹಚಗೋಬ್ಯಾಡ್ರಿ." ಆಮೇಲೆ ಪಕ್ಕದ ಮನೆಯವಳು. ಆಮೇಲೆ ಅದರಾಚೆಯವಳು. ನೋಡನೋಡುತ್ತ ಜೀಪು ಕಸಬರಿಗೆಗಳಿಂದ ತುಂಬಿ, ಇಂಜಿನಿಯರು ಕೂಡಲು ಮುಂದಿನ ಸೀಟು ಒಂದೇ ಉಳಿಯಿತು. ಕೂಲಿಯವರು ಗೆರೆಯ ಮೇಲೆ ಡಾಂಬರು ಎರಚಿ ಹೋದರು. ಓಣಿಯಲ್ಲಿ ಒಬ್ಬರೂ ಕೆಟ್ಟ ಮಾತು ಆಡಲಿಲ್ಲ.

ಮರುದಿನದಿಂದ ಆ ರಸ್ತೆಯನ್ನು ಯಾರೂ ಗುಡಿಸಲಿಲ್ಲ. ಸುಗ್ಗಿಯ ಕಾಲ. ಲಾರಿಗಳಿಂದ ಉದುರಿದ ರವದಿ ಎಂಬ ಕಬ್ಬಿನ ಒಣಗರಿ, ಎತ್ತಿನ ಗಾಡಿಗಳ ಸಗಣಿ, ಬೇವಿನ ತಪ್ಪಲು, ಬಜಾರಿನ ಕಸ ಎಲ್ಲ ಬಿದ್ದಲ್ಲೇ ಬಿದ್ದವು. ಕಬ್ಬಿನ ರವದಿ ಗಾಳಿಗೆ ಎದ್ದು ಅಂಗಡಿಗಳ ಒಳಗೆ ನುಗ್ಗಿತು. ಇಲಾಖೆಯ ಕೂಲಿಯವರು ಒಂದು ದಿನ ಬಂದರು, ಅರ್ಧಕ್ಕೇ ಬಿಟ್ಟು ಹೋದರು. ಹೆಂಗಸರು ತಮ್ಮ ತಮ್ಮ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತ ನೋಡಿದರು. ಗುಡಿಸದೆ ಇರುವುದು ಅವರಿಗೆ ಗುಡಿಸುವುದಕ್ಕಿಂತ ಕಷ್ಟದ ಕೆಲಸವಾಗಿತ್ತು. ಕಾಶಮ್ಮ ಒಲೆಯ ಮುಂದೆ ಕೂತವಳ ಕೈ ತನಗೆ ತಾನೇ ಮೂಲೆಯ ಕಡೆ ಹೋಗುವುದು, ಕಸಬರಿಗೆ ಇಲ್ಲವೆಂದು ನೆನಪಾಗಿ ಹಿಂದೆ ಬರುವುದು. "ಮೈ ಕಡೀತದ ಮಾಸ್ತರ" ಎಂದಳು ನನಗೆ. "ಆದ್ರ ಬಗ್ಗಂಗಿಲ್ಲ ನಾ."

ಬಗ್ಗಿದವರು ಸಾವಕಾರರು. ಅವರ ಮನೆಯ ಹೆಂಗಸರೂ ಕಸಬರಿಗೆ ಕೊಟ್ಟು ಕೂತಿದ್ದರು. ಅಂಗಡಿಯ ಹೊಸ ಬಟ್ಟೆಗಳ ಮೇಲೆ ಧೂಳು ಕೂತು, ಗಿರಾಕಿ ಮೂಗು ಮುಚ್ಚಿಕೊಂಡು ಹೋಗತೊಡಗಿದಾಗ, ಒಂದು ಬೆಳಿಗ್ಗೆ ಅವರೇ ಟೋಪಿ ಗೂಟಕ್ಕೆ ತೂಗಿಹಾಕಿ, ಧೋತರ ಮೇಲೆ ಕಟ್ಟಿ, ಎಲ್ಲಿಂದಲೋ ಒಂದು ಮೋಟು ಕಸಬರಿಗೆ ತಂದು ಗುಡಿಸಲು ನಿಂತರು. ಓಣಿಯೆಲ್ಲ ಬಾಗಿಲಿಗೆ ಬಂತು. ಅವರು ಮೆಟ್ಟಿಲ ಮುಂದಷ್ಟೇ ಗುಡಿಸಿ ಬಿಟ್ಟಾಗ ಕಾಶಮ್ಮ ಎದುರು ಹೋಗಿ ನಿಂತಳು.

"ಅಲ್ಲಿಗ್ಯಾಕ ನಿಂತ್ರಿ ಸಾವಕಾರ್ರ? ನಡುಮಟ ಗುಡಸ್ರಿ. ಗುಡಿಸಿದಷ್ಟು ನಿಮ್ದಾಗ್ತದ."

ಅವರು ರಸ್ತೆಯ ನಡುಮಧ್ಯದ ತನಕ ಗುಡಿಸಿದರು. ಬೆವರೊರೆಸಿಕೊಂಡು, ತಾವು ಗುಡಿಸಿದ ಆ ಜಾಗವನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರು. ಅಷ್ಟರಲ್ಲಿ ಒಂದು ಟ್ರ್ಯಾಕ್ಟರು ಭರ್ರನೆ ಬಂದು ಅದರ ಮೇಲೇ ಹಾಯ್ದು, ರವದಿ ಚೆಲ್ಲಿ ಹೋಯಿತು. "ಲೇ ಮಗನ!" ಎಂದು ಸಾವಕಾರರು ಮೋಟು ಕಸಬರಿಗೆ ಬೀಸುತ್ತ ಬೆನ್ನು ಹತ್ತಿದರು. "ಕಣ್ಣು ಕಾಣ್ತಾವಿಲ್ಲೋ? ಈಗ ಗುಡಿಸೇನಿ!" ಆ ಹೊತ್ತಿನಿಂದ ಅವರು ನಮ್ಮವರಾದರು. ಅಂದೇ ಸಂಜೆ ಅವರ ಅಂಗಡಿಯ ಮುಂದೆ ಮೊದಲ ಪಟ್ಟಿ ಬಿತ್ತು. ಅದರ ಎರಡೂ ಕಡೆಗೆ ಓಣಿಯ ಗೆರೆ ಮತ್ತೆ ಬೆಳೆಯಿತು. ಈ ಸಲ ಎಲ್ಲೂ ತುಂಡಿರಲಿಲ್ಲ.

ಇಂಜಿನಿಯರು ಮತ್ತೆ ಬಂದಾಗ ಜೀಪಿನ ಹಿಂದೆ ಡಾಂಬರು ಇರಲಿಲ್ಲ, ಕಸಬರಿಗೆಗಳಿದ್ದವು. ಯಾವುದು ಯಾರದೆಂದು ತಿಳಿಯದೆ ಅವರು ನಿಂತಿದ್ದರೆ, ಹೆಂಗಸರು ಮುಗಿಬಿದ್ದು ತಮ್ಮತಮ್ಮದನ್ನು ಹಿಡಿಕೆ ಮುಟ್ಟಿಯೇ ಗುರುತು ಹಿಡಿದು ಒಯ್ದರು. ಸಾವಕಾರರು ಟೋಪಿ ಸರಿಮಾಡಿಕೊಂಡು ಮುಂದೆ ಬಂದು, "ಸಾಹೇಬ್ರ, ರಸ್ತಾ ನಿಮ್ದು ಖರೆ. ಗೆರಿ ಊರಿಂದು" ಎಂದರು. ಹಿಂದೆ ಓಣಿಯೇ ನಿಂತಿತ್ತು.

ಇಂಜಿನಿಯರು ಕಟ್ಟೆಯ ಮೇಲೆ ಕೂತು ಕಾಶಮ್ಮ ಕೊಟ್ಟ ಮಜ್ಜಿಗೆ ಕುಡಿದರು. "ಅಮ್ಮಾ, ಒಂದು ದರಖಾಸ್ತು ಕೊಡಿ. ನಾನೇ ಶಿಫಾರಸು ಮಾಡಿ ಪರ್ಮಿಷನ್ ತರಿಸಿಕೊಡ್ತೀನಿ. ಆಗ ಯಾರೂ ಅಳಿಸೋ ಹಾಗಿಲ್ಲ" ಎಂದರು ಮನಃಪೂರ್ವಕವಾಗಿ.

ಕಾಶಮ್ಮ ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ. ಪರವಾನಗಿ ಕೊಟ್ಟವರು ನಾಳಿ ತಿರುಗಿ ತಗೋತಾರ. ಕೇಳಲಾರದ ಹೊಡದ ಗೆರಿ ಯಾರ್ ತಗೋತಾರ್ರಿ?"

ಅವರು ಬಹಳ ಹೊತ್ತು ನಕ್ಕರು. ಜೀಪು ತಿರುಗಿಸಿಕೊಂಡು ಹೋದರು. ಅಳಿಸಿರಿ ಎಂಬ ಹುಕುಮೂ ಮತ್ತೆ ಬರಲಿಲ್ಲ, ಇರಲಿ ಎಂಬ ಹುಕುಮೂ ಬರಲಿಲ್ಲ. ಪ್ರತಿ ದೀಪಾವಳಿಗೆ ಮನೆಗಳ ಜೊತೆಗೆ ರಸ್ತೆಗೂ ಪಟ್ಟಿ ಬೀಳುತ್ತ ಹೋಯಿತು. ಗೆರೆಯ ವಿಷಯದಲ್ಲಿ ಕಾಶಮ್ಮನಿಗೆ ನೆಂಟಸ್ತನವೂ ಇರಲಿಲ್ಲ. ಒಮ್ಮೆ ಅವಳ ಸ್ವಂತ ತಮ್ಮ ಹೊಸ ಟ್ರ್ಯಾಕ್ಟರು ತೋರಿಸಲು ಬಂದು ಗೆರೆಯ ಒಳಗೆ ನಿಲ್ಲಿಸಿ, "ಅಕ್ಕಾ, ಹಸಿದೇನಿ" ಎಂದ. ಅವಳು ತಾಟು ಹಾಕಿ, ರೊಟ್ಟಿ ಇಟ್ಟು, ಪಲ್ಯದ ಸವುಟು ಮೇಲೇ ಹಿಡಿದು ಕೂತಳು. "ಮೊದಲ ಅದನ್ನ ಹೊರಗ ತಗಿ. ಪಲ್ಯ ಆಮ್ಯಾಲ." ಅವನು ಎದ್ದು ಹೋಗಿ ತೆಗೆದ. ರೊಟ್ಟಿ ಆರಿತ್ತು, ಇನ್ನೊಂದು ಬಿಸಿಯದು ಹಾಕಿದಳು.

ಮುಂದೆ ನನಗೆ ಜೇವರ್ಗಿ ಕಡೆ ವರ್ಗವಾಯಿತು. ತೊಂಬತ್ತರ ದಶಕದ ನಡುವೆ ಒಮ್ಮೆ ಕೆಲಸದ ಮೇಲೆ ಆಳಂದಕ್ಕೆ ಬಂದವನು, ಬಸ್ ಸ್ಟ್ಯಾಂಡಿನಲ್ಲಿ ಬಾಡಿಗೆ ಸೈಕಲ್ಲು ಹಿಡಿದು ಹೊರಟೆ. ಕೂದಲು ನೆರೆತಿತ್ತು, ಕನ್ನಡಕ ಬಂದಿತ್ತು, ಗುರುತು ಸಿಗಲಾರದು ಎಂದುಕೊಂಡಿದ್ದೆ. ಕಟ್ಟೆಯ ಮೇಲೆ ಕಾಶಮ್ಮ ಕೂತಿದ್ದಳು; ಸೊಂಟ ಬಾಗಿ ಇನ್ನಷ್ಟು ಚಿಕ್ಕವಳಾಗಿದ್ದಳು. ಕಸಬರಿಗೆ ಮಾತ್ರ ಪಕ್ಕದಲ್ಲೇ. ದೂರದಿಂದಲೇ ಅದನ್ನು ಎತ್ತಿದಳು.

"ಏ ಕೊಕ್ಕರಿ ಮಾಸ್ತರ! ಗೆರಿ ಹೊರಗ ಯಾಕ ಹೊಂಟಿ? ಇನ್ನೊಂದ್ ಎಲುಬು ಉಳದದಂತೇನು? ಒಳಗ ಬಾ!"

ನಾನು ಒಳಗೆ ಬಂದೆ. ಅವಳ ಗೋಡೆಗೇ ಸೈಕಲ್ಲು ಒರಗಿಸಿದೆ. ಒಲೆ ಆಗ ಅವಳ ಸೊಸೆಯ ಕೈಯಲ್ಲಿತ್ತು. ಸಾಕು ಎಂಬ ಮಾತು ಸೊಸೆಗೂ ಕೇಳಿಸುತ್ತಿರಲಿಲ್ಲ. ಹೊರಡುವಾಗ ಕಾಶಮ್ಮ ನನ್ನ ಹೆಗಲ ಮೇಲೆ, ಎಲುಬು ಕೂಡಿದ ಗಂಟಿನ ಮೇಲೆಯೇ ಕೈ ಇಟ್ಟು ಒತ್ತಿ ನೋಡಿದಳು. "ಗಟ್ಟಿ ಕೂಡ್ಯದ" ಎಂದಳು. ಅದೇ ಕಡೆಯ ಮಾತು.

ಅವಳು ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ರಾತ್ರಿಯ ಬಸ್ಸಿಗೆ ಹೊರಟು ಬೆಳಗಾಗುವಾಗ ಇಳಿದೆ. ಮಗ ಸೊಸೆ ಕ್ರಿಯಾಕರ್ಮ ಮುಗಿಸಿ ನೆಂಟರ ಊರಿಗೆ ಹೋಗಿದ್ದರು. ಖಾನಾವಳಿಯ ಬಾಗಿಲಿಗೆ ಕೀಲಿ ಬಿದ್ದಿತ್ತು. ಗೋಡೆಗೆ ಒಂದೂ ಸೈಕಲ್ಲು ಇರಲಿಲ್ಲ. ಹೋದ ದೀಪಾವಳಿಯ ಪಟ್ಟಿ ಅಲ್ಲಲ್ಲಿ ಸವೆದಿದ್ದರೂ ಇನ್ನೂ ಕಾಣುತ್ತಿತ್ತು. ನಾನು ಕಟ್ಟೆಯ ಮೇಲೆ ಕೂತೆ.

ಎದುರಿನ ಬಾಗಿಲು ತೆರೆದು ಖಾಸಿಂಬಿ ಹೊರಗೆ ಬಂದಳು. ಅವಳಿಗೂ ಮುಪ್ಪು. ತನ್ನ ಮೆಟ್ಟಿಲಿನಿಂದ ಗುಡಿಸುತ್ತ ಗುಡಿಸುತ್ತ ನಡುಮಧ್ಯಕ್ಕೆ ಬಂದಳು. ಅಲ್ಲಿ ಅರೆಗಳಿಗೆ ನಿಂತಳು, ಸೊಂಟ ಹಿಡಿದುಕೊಂಡಳು. ಆಮೇಲೆ ಆ ಗಡಿಯನ್ನು ದಾಟಿ, ಬೇವಿನ ತಪ್ಪಲನ್ನೆಲ್ಲ ಬಳಿಯುತ್ತ, ಕಾಶಮ್ಮನ ಅರ್ಧವನ್ನೂ ಗುಡಿಸುತ್ತ ನನ್ನ ಕಾಲಿನ ತನಕ ಬಂದಳು. ಹಿಂದೆ ಒಂದು ಲಾರಿ ಹಾರ್ನ್ ಹೊಡೆಯುತ್ತ ನಿಂತಿತ್ತು. ಅವಳು ತಿರುಗಿಯೂ ನೋಡಲಿಲ್ಲ.

"ನೀವ್ಯಾಕ ಇದನ್ನೂ ಗುಡಸ್ತೀರಿ ಅವ್ವಾ? ಸೊಂಟ ನೋಯಂಗಿಲ್ಲೇನ್ರಿ?" ಎಂದೆ.

"ನೋಯ್ತದಪ್ಪಾ ಮಾಸ್ತರ. ಏನ್ ಮಾಡ್ಲಿ?" ಖಾಸಿಂಬಿ ಕಾಲೆತ್ತು ಎಂದು ಕಸಬರಿಗೆಯಿಂದ ಸನ್ನೆ ಮಾಡಿದಳು. "ಅಕೀ ಅರ್ಧಾ ಹಂಗೇ ಬಿಟ್ರ, ಇಲಾಖೆಯವರು ತಮ್ದಂತಾರ."